ಫ್ರೀ ಸಾಫ್ಟ್‌ವೇರ್‌ನ ಖರ್ಚು ಯಾರ ತಲೆ ಮೇಲೆ?

2026ರ ಜನವರಿಯಲ್ಲಿ ವೆಬ್‌ಸೈಟ್ ಕಟ್ಟುವವರ ನಡುವೆ ಒಂದು ಸುದ್ದಿ ಓಡಾಡಿತು. ವೆಬ್‌ಪುಟಗಳಿಗೆ ರೂಪ ಕೊಡುವ ಟೈಲ್‌ವಿಂಡ್ ಎಂಬ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ತನ್ನ ನಾಲ್ವರು ಎಂಜಿನಿಯರ್‌ಗಳಲ್ಲಿ ಮೂವರನ್ನು ಕೆಲಸದಿಂದ ತೆಗೆಯಿತು. ಹೀಗಾದರೆ ಜನ ಆ ಸಾಫ್ಟ್‌ವೇರ್ ಬಳಸುವುದನ್ನು ಬಿಟ್ಟಿರಬೇಕು ಅಂದುಕೊಳ್ಳುವುದು ಸಹಜ. ಇಲ್ಲಿ ಆಗಿದ್ದು ಉಲ್ಟಾ. ಟೈಲ್‌ವಿಂಡ್ ಬಳಕೆ ಹಿಂದೆಂದಿಗಿಂತ ಜಾಸ್ತಿಯಾಗಿತ್ತು. ಕಂಪನಿಯ ಆದಾಯ ಮಾತ್ರ ಹೆಚ್ಚುಕಡಿಮೆ ಶೇ 80ರಷ್ಟು ಬಿದ್ದುಹೋಗಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ‘ಫ್ರೀಯಾಗಿ ಕೊಟ್ಟರೆ ಇನ್ನೇನಾಗುತ್ತೆ, ಮೊದಲೇ ಬೆಲೆ ಇಡಬೇಕಿತ್ತು’ ಅನ್ನೋದು ಒಂದು. ‘ಇಷ್ಟೊಂದು ಜನ ಬಳಸ್ತಾರಲ್ಲ, ತಲಾ ಒಂದು ಡಾಲರ್ ದೇಣಿಗೆ ಕೊಟ್ಟಿದ್ದರೂ ಸಾಕಿತ್ತಲ್ವಾ’ ಅನ್ನೋದು ಇನ್ನೊಂದು. ಎರಡೂ ಕೇಳಲು ಸರಿ ಅನ್ನಿಸುತ್ತವೆ. ಲೆಕ್ಕಕ್ಕೆ ಕೂತರೆ ಎರಡೂ ನಿಲ್ಲುವುದಿಲ್ಲ. ಯಾಕೆ ಅಂತ ತಿಳಿಯಲು ‘ಫ್ರೀ’ ಎಂಬ ಪದವನ್ನೇ ಸ್ವಲ್ಪ ಬಿಡಿಸಬೇಕು.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನ ‘ಫ್ರೀ’ಗೆ ಪುಕ್ಕಟೆ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಈ ತೊಂದರೆ ಇರಬಾರದಿತ್ತು. ನಮ್ಮಲ್ಲಿ ಉಚಿತ, ಪುಕ್ಕಟೆ, ಬಿಟ್ಟಿ ಒಂದು ಕಡೆ ಇವೆ. ಮುಕ್ತ, ಸ್ವತಂತ್ರ ಇನ್ನೊಂದು ಕಡೆ ಇವೆ. ಆದರೂ ಮಾತಿಗೆ ಬಂದರೆ ಎಲ್ಲರೂ ‘ಫ್ರೀ’ ಅಂದುಬಿಡುತ್ತೇವೆ. ಇಂಗ್ಲಿಷಿನ ಗೊಂದಲ ಹಾಗೇ ನಮ್ಮ ಮನೆಗೂ ಬರುತ್ತದೆ.

ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಯೋಜನೆಯನ್ನು ಘೋಷಿಸಿದಾಗ ಅವರ ಮನಸ್ಸಿನಲ್ಲಿದ್ದುದು ಎರಡನೆಯ ಅರ್ಥ. ಸಾಫ್ಟ್‌ವೇರ್ ಪಡೆದವರು ಅದನ್ನು ಓಡಿಸಬಹುದು, ಒಳಗೇನಿದೆ ನೋಡಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ದುಡ್ಡು ತಗೋಬಾರದು ಎಂಬ ಮಾತು ಅದರಲ್ಲಿ ಇರಲೇ ಇಲ್ಲ. ಸ್ವತಃ ಸ್ಟಾಲ್‌ಮನ್ 1985ರ ಹೊತ್ತಿಗೆ ತಮ್ಮ ಈಮ್ಯಾಕ್ಸ್ ಎಡಿಟರ್ ಅನ್ನು ಟೇಪಿನಲ್ಲಿ ತುಂಬಿ, ಒಂದಕ್ಕೆ 150 ಡಾಲರ್‌ನಂತೆ ಮಾರುತ್ತಿದ್ದರು. ಸಂಬಳವಿಲ್ಲದ ದಿನಗಳಲ್ಲಿ ಆ ದುಡ್ಡೇ ಅವರಿಗೆ ಆಸರೆಯಾಗಿತ್ತು.

ಇನ್ನೊಂದು ದಾರಿ 1982ರಲ್ಲೇ ಶುರುವಾಗಿತ್ತು. ಆಂಡ್ರೂ ಫ್ಲೂಗೆಲ್‌ಮನ್ ಎಂಬವರು ಪಿಸಿ-ಟಾಕ್ ಎಂಬ ಪ್ರೋಗ್ರಾಂ ಬರೆದು, ಎಲ್ಲರೂ ಕಾಪಿ ಮಾಡಿಕೊಳ್ಳಿ ಅಂತ ಬಿಟ್ಟರು. ಜೊತೆಗೆ ಒಂದು ಚೀಟಿ: ನಿಮಗೆ ಉಪಯೋಗವಾದರೆ 25 ಡಾಲರ್ ಕಳಿಸಿ. ಈ ಪದ್ಧತಿಗೆ ಅವರು ಇಟ್ಟ ಹೆಸರು ‘ಫ್ರೀವೇರ್’. ಅಂದರೆ ಇವತ್ತು ನಾವು ‘ಒಂದು ಪೈಸೆಯೂ ಕೊಡಬೇಕಿಲ್ಲ’ ಎಂಬ ಅರ್ಥದಲ್ಲಿ ಬಳಸುವ ಪದ ಹುಟ್ಟುವಾಗಲೇ ಅದರ ಪಕ್ಕದಲ್ಲಿ ಒಂದು ಕೈಚಾಚು ಇತ್ತು.

ಹಾಗಾಗಿ ಈಗ ನಾಲ್ಕು ಬಗೆಯ ಆ್ಯಪ್‌ಗಳು ಒಂದೇ ‘ಫ್ರೀ’ ಹಣೆಪಟ್ಟಿ ಹೊತ್ತು ನಿಂತಿವೆ. ಜಾಹೀರಾತು ತೋರಿಸಿ ದುಡ್ಡು ಮಾಡುವ ಉಚಿತ ಆ್ಯಪ್. ಅರ್ಧ ಉಚಿತ, ಉಳಿದರ್ಧಕ್ಕೆ ಬೆಲೆ ಇರುವ ಆ್ಯಪ್. ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ತೆರೆದಿಟ್ಟು ದೇಣಿಗೆಯಿಂದ ನಡೆಯುವ ಆ್ಯಪ್. ಏನೂ ಕೇಳದೆ ಯಾರೋ ಒಬ್ಬರು ಬಿಡುವಿನಲ್ಲಿ ನಡೆಸುವ ಆ್ಯಪ್. ಬಳಸುವವರ ಕಣ್ಣಿಗೆ ನಾಲ್ಕೂ ಒಂದೇ. ಖರ್ಚು ಯಾರು ಹೊರುತ್ತಾರೆ ಅಂತ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಟೈಲ್‌ವಿಂಡ್‌ನಲ್ಲಿ ಎಲ್ಲಿ ಕೊಂಡಿ ಕಳಚಿತು?

ಟೈಲ್‌ವಿಂಡ್ ಮುಕ್ತವೂ ಹೌದು, ಉಚಿತವೂ ಹೌದು. ಕಂಪನಿ ಮಾರುತ್ತಿದ್ದುದು ಅದರ ಮೇಲೆ ಕಟ್ಟಿದ ಸಿದ್ಧ ವಿನ್ಯಾಸಗಳನ್ನು. ಮೆನು, ಫಾರ್ಮ್, ಬೆಲೆಪಟ್ಟಿ ಹೀಗೆ. ಈ ಮಾರಾಟಕ್ಕೆ ಗಿರಾಕಿ ಎಲ್ಲಿಂದ ಬರುತ್ತಿದ್ದರು? ಉಚಿತ ಸಾಫ್ಟ್‌ವೇರ್ ಬಳಸುವಾಗ ‘ಇದನ್ನು ಹೇಗೆ ಬರೆಯೋದು’ ಅಂತ ಕೈಪಿಡಿಯ ಪುಟಕ್ಕೆ ಬರುತ್ತಿದ್ದರು. ಅಲ್ಲಿ ಕಂಪನಿಯ ಬೇರೆ ಸರಕು ಕಣ್ಣಿಗೆ ಬೀಳುತ್ತಿತ್ತು. ನೂರಾರು ಜನರಲ್ಲಿ ಒಬ್ಬರು ಕೊಳ್ಳುತ್ತಿದ್ದರು. ಅಷ್ಟರಲ್ಲೇ ಸಂಬಳ ನಡೆಯುತ್ತಿತ್ತು.

ಈಗ ಕೋಡ್ ಬರೆದುಕೊಡುವ ಎಐ ಬಂದಿದೆ. ಅದಕ್ಕೆ ಟೈಲ್‌ವಿಂಡ್ ಬಾಯಿಪಾಠ. ಕೇಳಿದ ಕೂಡಲೇ ಬರೆದುಕೊಡುತ್ತದೆ, ಹಾಗಾಗಿ ಬಳಕೆ ಏರಿತು. ಆದರೆ ಕೈಪಿಡಿ ತೆರೆಯುವ ಅಗತ್ಯ ಕಮ್ಮಿಯಾಯಿತು. 2023ರ ಆರಂಭಕ್ಕೆ ಹೋಲಿಸಿದರೆ ಕೈಪಿಡಿಗೆ ಬರುವವರು ಸುಮಾರು ಶೇ 40ರಷ್ಟು ಇಳಿದಿದ್ದಾರೆ ಅಂತ ಕಂಪನಿಯ ಸ್ಥಾಪಕರೇ ಹೇಳಿದರು. ಅವರು ಅದನ್ನು ಹೇಳಿದ ಸಂದರ್ಭ ಗಮನಿಸುವಂಥದ್ದು. ಕೈಪಿಡಿಯನ್ನು ಎಐ ಇನ್ನೂ ಸುಲಭವಾಗಿ ಓದುವ ಹಾಗೆ ಮಾಡೋಣ ಅಂತ ಯಾರೋ ಒಂದು ತಿದ್ದುಪಡಿ ಕಳಿಸಿದ್ದರು. ಯಾಕೆ ಅದನ್ನು ಸದ್ಯಕ್ಕೆ ಸೇರಿಸಲು ಆಗುವುದಿಲ್ಲ ಅಂತ ವಿವರಿಸುವಾಗ ಈ ಲೆಕ್ಕವೆಲ್ಲ ಹೊರಬಿತ್ತು. ತನ್ನ ಗಿರಾಕಿ ಬರುವ ಬಾಗಿಲನ್ನು ತಾನೇ ಮುಚ್ಚಿ ಅಂತ ಕೇಳಿದಂತಿತ್ತು ಆ ಕೋರಿಕೆ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರೂ.

ಇದಾದ ಕೆಲವೇ ದಿನಗಳಲ್ಲಿ ಗೂಗಲ್, ವರ್ಸೆಲ್‌ನಂಥ ಕಂಪನಿಗಳು ಪ್ರಾಯೋಜಕರಾಗಿ ಮುಂದೆ ಬಂದವು. ಹಿಂದಿನ ವಾರವೂ ಇವೆಲ್ಲ ಇದ್ದವು, ಟೈಲ್‌ವಿಂಡ್ ಕೂಡ ಇತ್ತು. ನಡುವೆ ಆಗಿದ್ದು ಒಂದೇ: ಸುದ್ದಿ.

ಇಲ್ಲಿಂದ ಒಂದು ಸೂತ್ರ ಸಿಗುತ್ತದೆ. ಉಚಿತ ಸಾಫ್ಟ್‌ವೇರ್‌ನಲ್ಲಿ ದುಡ್ಡು ಬಳಕೆಯ ಹಿಂದೆ ಹೋಗುವುದಿಲ್ಲ, ಕೆಲಸದ ಹಿಂದೆಯೂ ಹೋಗುವುದಿಲ್ಲ. ಕಣ್ಣಿಗೆ ಬಿದ್ದದ್ದರ ಹಿಂದೆ ಹೋಗುತ್ತದೆ. ದೇಣಿಗೆಯ ಕಥೆಗಳನ್ನು ಒಂದೊಂದಾಗಿ ನೋಡಿದರೆ ಮತ್ತೆ ಮತ್ತೆ ಇದೇ ಕಾಣುತ್ತದೆ.

ಕೇಳಿದವರಿಗೆ ಸಿಗುತ್ತದೆ

ಎಲಿಮೆಂಟರಿ ಎಂಬ ಆಪರೇಟಿಂಗ್ ಸಿಸ್ಟಮ್ ತಂಡ 2015ರಲ್ಲಿ ತನ್ನ ಲೆಕ್ಕ ಬಿಚ್ಚಿಟ್ಟಿತು. ಡೌನ್‌ಲೋಡ್ ಮಾಡಿದವರಲ್ಲಿ ಶೇ 99.75ರಷ್ಟು ಜನ ಒಂದು ಸೆಂಟೂ ಕೊಟ್ಟಿರಲಿಲ್ಲ. ತಂಡ ತನ್ನ ಪುಟದಲ್ಲಿ ಮೊತ್ತದ ಬಟನ್‌ಗಳನ್ನು ಮುಂದಿಟ್ಟಿತು. ಪುಕ್ಕಟೆ ಬೇಕೆಂದವರು ಸೊನ್ನೆ ಅಂತ ತಾವೇ ಟೈಪ್ ಮಾಡಬೇಕು. ಉಚಿತ ಉಚಿತವಾಗಿಯೇ ಉಳಿಯಿತು. ಆದರೂ ಬಳಕೆದಾರರಲ್ಲಿ ಹಲವರು ಸಿಟ್ಟಾದರು. ಕಾರಣ, ಕೊಡದವರು ಮೋಸ ಮಾಡುತ್ತಿದ್ದಾರೆ ಎಂಬ ಧಾಟಿ ಆ ಬರಹದಲ್ಲಿತ್ತು. ಕೇಳುವುದು ಒಂದು, ಚುಚ್ಚುವುದು ಇನ್ನೊಂದು. ಈ ಎರಡರ ನಡುವಿನ ಗೆರೆ ತುಂಬಾ ತೆಳು.

ಥಂಡರ್‌ಬರ್ಡ್ ಇಮೇಲ್ ಆ್ಯಪ್‌ನದು ಇದರ ಇನ್ನೊಂದು ಮುಖ. ಎಷ್ಟೋ ವರ್ಷ ಅದು ಇವತ್ತೋ ನಾಳೆಯೋ ಎಂಬಂತಿತ್ತು. 2021ರಲ್ಲಿ ಬಂದ ದುಡ್ಡು ಸುಮಾರು 28 ಲಕ್ಷ ಡಾಲರ್. 2022ರ ಕೊನೆಯಲ್ಲಿ ತಂಡ ಆ್ಯಪ್ ಒಳಗೇ ಒಂದು ಪುಟ ತೋರಿಸಿ ಸಹಾಯ ಕೇಳಿತು. ಆ ವರ್ಷದ ಮೊತ್ತ 64 ಲಕ್ಷ ಡಾಲರ್ ದಾಟಿತು. 2023ರಲ್ಲಿ 86 ಲಕ್ಷ. ಒಂದೇ ವರ್ಷದಲ್ಲಿ ಆ್ಯಪ್ ಎರಡು ಪಟ್ಟು ಚೆನ್ನಾಗಿ ಆಗಲಿಲ್ಲ, ಬಳಕೆದಾರರು ಎರಡು ಪಟ್ಟು ಉದಾರಿಗಳೂ ಆಗಲಿಲ್ಲ. ಕೇಳುವ ಜಾಗ ಬದಲಾಯಿತು, ಅಷ್ಟೇ.

ಈಗ ಕಣ್ಣಿಗೆ ಬೀಳದವರ ಕಡೆ ಬನ್ನಿ. ಓಪನ್‌ಎಸ್‌ಎಸ್‌ಎಲ್ ಎಂಬುದು ಆ್ಯಪ್ ಅಲ್ಲ, ಆ್ಯಪ್‌ಗಳ ಹೊಟ್ಟೆಯೊಳಗಿನ ಭಾಗ. ಬ್ಯಾಂಕಿಂಗ್, ಇಮೇಲ್, ಶಾಪಿಂಗ್, ಎಲ್ಲ ಕಡೆ ಗುಪ್ತವಾಗಿ ಮಾಹಿತಿ ಸಾಗಿಸಲು ಅದು ಬೇಕು. 2014ರ ಏಪ್ರಿಲ್‌ನಲ್ಲಿ ಅದರೊಳಗೆ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ಲೋಪ ಸಿಕ್ಕಿದಾಗ ಜಗತ್ತಿಗೆ ಇನ್ನೊಂದು ವಿಷಯವೂ ತಿಳಿಯಿತು. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. ಸುದ್ದಿಯಾದ ನಂತರದ ದಿನಗಳಲ್ಲಿ ಐದು ಡಾಲರ್, ಹತ್ತು ಡಾಲರ್ ಹೀಗೆ ಸಣ್ಣ ಮೊತ್ತಗಳ ಹೊಳೆ ಹರಿಯಿತು. ಎಲ್ಲ ಕೂಡಿಸಿದರೂ ಒಬ್ಬ ಎಂಜಿನಿಯರ್‌ನ ಸಂಬಳಕ್ಕೆ ಸಾಲುತ್ತಿರಲಿಲ್ಲ. ದೊಡ್ಡ ಕಂಪನಿಗಳು ಸೇರಿ ಲಿನಕ್ಸ್ ಫೌಂಡೇಶನ್ ಮೂಲಕ ನಿಧಿ ಮಾಡಿದ ಮೇಲಷ್ಟೇ ತಂಡ ಉಸಿರಾಡಿತು.

ಇಮೇಲ್‌ಗೆ ಬೀಗ ಹಾಕುವ ಗ್ನೂಪಿಜಿ ಕಥೆಯೂ ಹೀಗೆಯೇ. ಅದನ್ನು 1997ರಿಂದ ಬಹುಪಾಲು ಒಬ್ಬರೇ, ವರ್ನರ್ ಕಾಖ್, ನಡೆಸಿಕೊಂಡು ಬಂದಿದ್ದರು. 2015ರ ಫೆಬ್ರವರಿಯಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಅವರ ಕೈ ಖಾಲಿಯಾಗಿದೆ ಅಂತ ಬರೆಯಿತು. ಸ್ವಲ್ಪವೇ ಹೊತ್ತಿನಲ್ಲಿ ದೇಣಿಗೆ ಗುರಿ ದಾಟಿತು. ಫೇಸ್‌ಬುಕ್ ಮತ್ತು ಪಾವತಿ ಕಂಪನಿ ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಸಂತೋಷವೇ. ಆದರೆ ಹದಿನೆಂಟು ವರ್ಷದ ಕೆಲಸಕ್ಕೆ ಬರದ ದುಡ್ಡು ಒಂದು ದಿನದ ವರದಿಗೆ ಬಂತು ಅಂದರೆ, ವರದಿಯಾಗದವರ ಗತಿ ಏನು?

ಒಂದು ಡಾಲರ್ ಕೊಟ್ಟರೆ ಎಷ್ಟು ತಲುಪುತ್ತದೆ?

‘ತಲಾ ಒಂದು ಡಾಲರ್’ ಎಂಬ ಮಾತಿಗೆ ಮತ್ತೊಂದು ಅಡ್ಡಿಯಿದೆ. ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಕಾಣುವ ಒಂದು ದರ ತಗೊಳ್ಳಿ: ಮೊತ್ತದ ಶೇ 2.9, ಜೊತೆಗೆ 30 ಸೆಂಟ್. ತಿಂಗಳಿಗೆ ಒಂದು ಡಾಲರ್ ಕಳಿಸಿದರೆ ಸುಮಾರು 33 ಸೆಂಟ್ ದಾರಿಯಲ್ಲೇ ಕರಗುತ್ತದೆ. ಡೆವಲಪರ್ ಕೈಗೆ 67. ಹೀಗೆ ಹನ್ನೆರಡು ತಿಂಗಳಿಗೆ ಹೋಗುವ ಶುಲ್ಕ ನಾಲ್ಕು ಡಾಲರ್ ಹತ್ತಿರ. ಅದೇ 12 ಡಾಲರ್ ವರ್ಷಕ್ಕೊಮ್ಮೆ ಒಟ್ಟಿಗೆ ಕಳಿಸಿದರೆ ಶುಲ್ಕ 65 ಸೆಂಟ್. ಕೊಟ್ಟವರ ಜೇಬಿನಿಂದ ಹೋಗಿದ್ದು ಎರಡೂ ಸಲ ಅಷ್ಟೇ.

ಲಿಬರಾಪೇ ಎಂಬ ದೇಣಿಗೆ ತಾಣ ವಾರದ ಲೆಕ್ಕ ತೋರಿಸಿದರೂ, ಹಲವು ತಿಂಗಳ ದುಡ್ಡನ್ನು ಒಟ್ಟಿಗೇ ಪಡೆಯುವುದು ಇದಕ್ಕಾಗಿಯೇ. ಕೋಡ್ ಹಂಚುವ ತಾಣ ಗಿಟ್‌ಹಬ್ 2019ರಲ್ಲಿ ಶುರುಮಾಡಿದ ದೇಣಿಗೆ ವ್ಯವಸ್ಥೆ ಗಿಟ್‌ಹಬ್ ಸ್ಪಾನ್ಸರ್ಸ್ ವ್ಯಕ್ತಿಗಳು ಕೊಡುವ ಮೊತ್ತದಲ್ಲಿ ತನ್ನ ಪಾಲು ತಗೊಳ್ಳುವುದಿಲ್ಲ. ಸಣ್ಣ ಮೊತ್ತ ಪೋಲಾಗುತ್ತೆ ಅಂತ ಕೊಡದಿರುವುದಕ್ಕಿಂತ ಕೂಡಿಸಿ ಕೊಡುವುದು ಲೇಸು.

ಅಂಗಡಿಯ ಬಾಗಿಲಲ್ಲಿ

ಫೋನ್ ಆ್ಯಪ್‌ಗಳಿಗೆ ಬಂದರೆ ಕೇಳುವ ಜಾಗವೇ ಡೆವಲಪರ್ ಕೈಯಲ್ಲಿಲ್ಲ. ಆಪಲ್‌ನ ಆ್ಯಪ್ ಸ್ಟೋರ್ 2008ರ ಜುಲೈನಲ್ಲಿ ತೆರೆದಾಗಲೇ ಮಾರಾಟದಲ್ಲಿ ಶೇ 30 ಪಾಲು ಅಂಗಡಿಗೆ ಎಂಬ ನಿಯಮ ಬಂತು. ಗೂಗಲ್ ಪ್ಲೇ ಕೂಡ ಅದೇ ಹಾದಿ ಹಿಡಿಯಿತು. 2021ರಲ್ಲಿ ಸಣ್ಣವರಿಗೆ ಎರಡೂ ಕಡೆ ಅದು ಶೇ 15ಕ್ಕೆ ಇಳಿಯಿತು. ಆಪಲ್‌ನಲ್ಲಿ ವರ್ಷದ ಆದಾಯ ಹತ್ತು ಲಕ್ಷ ಡಾಲರ್ ಮೀರದವರಿಗೆ, ಗೂಗಲ್‌ನಲ್ಲಿ ಮೊದಲ ಹತ್ತು ಲಕ್ಷ ಡಾಲರ್‌ಗೆ.

ಇದು ಮಾರಾಟಕ್ಕೆ ಹೇಳಿದ ಲೆಕ್ಕ. ದೇಣಿಗೆಗೆ? ಮಾನ್ಯತೆ ಪಡೆದ ಸೇವಾ ಸಂಸ್ಥೆಗಳಿಗೆ ಬೇರೆ ನಿಯಮ, ಬೇರೆ ವಿನಾಯಿತಿ. ಒಬ್ಬರೇ ಕೂತು ಆ್ಯಪ್ ಮಾಡುವವರು ಸೇವಾ ಸಂಸ್ಥೆಯಲ್ಲ. ಅವರು ಆ್ಯಪ್ ಒಳಗೆ ‘ಸಹಾಯ ಮಾಡಿ’ ಬಟನ್ ಇಟ್ಟರೆ ಸ್ಟೋರ್‌ನ ಪಾವತಿ ವ್ಯವಸ್ಥೆಯ ಮೂಲಕವೇ ಬರಬೇಕಾ, ಪಾಲು ಕೊಡಬೇಕಾ ಎಂಬ ಪ್ರಶ್ನೆ ಎದ್ದುನಿಲ್ಲುತ್ತದೆ. 2019ರ ಅಕ್ಟೋಬರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಆ್ಯಪ್‌ಗೆ ಇದು ಪ್ರತ್ಯಕ್ಷವಾಗಿ ತಟ್ಟಿತು. ಆ್ಯಪ್‌ನಲ್ಲಿ ತಮ್ಮ ದೇಣಿಗೆ ಪುಟಕ್ಕೆ ಒಂದು ಲಿಂಕ್ ಇತ್ತು. ಪಾವತಿ ನಿಯಮ ಮೀರಿದೆ ಅಂತ ಗೂಗಲ್ ಪ್ಲೇ ಆ್ಯಪ್ ಅನ್ನೇ ತೆಗೆದುಹಾಕಿತು. ಲಿಂಕ್ ಕಿತ್ತ ಮೇಲೆ ಆ್ಯಪ್ ವಾಪಸ್ ಬಂತು.

ಸ್ಟೋರ್‌ನವರ ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ದೇಣಿಗೆ ಎಂಬ ಹೆಸರಿಟ್ಟು ಎಲ್ಲ ಮಾರಾಟವನ್ನೂ ಹೊರಗೆ ಸಾಗಿಸುವವರು ಇರುತ್ತಾರೆ. ವಂಚಕ ಲಿಂಕ್‌ಗಳೂ ಇರುತ್ತವೆ. ಆದರೆ ಪರಿಣಾಮ ನೋಡಿ. ಆ್ಯಪ್ ಒಳಗೆ ಕೇಳಿದ್ದರಿಂದ ಥಂಡರ್‌ಬರ್ಡ್ ಡೆಸ್ಕ್‌ಟಾಪ್‌ನಲ್ಲಿ ಬದುಕಿತು. ಫೋನಿನಲ್ಲಿ ಅದೇ ಕೆಲಸವನ್ನು ಒಬ್ಬಂಟಿ ಡೆವಲಪರ್ ಹೆದರಿಕೊಂಡು ಮಾಡಬೇಕು. ಜಾಹೀರಾತು ತೋರಿಸಲು ಈ ಹೆದರಿಕೆ ಇಲ್ಲ. ಹೀಗೆ ನಿಯಮವೇ ಜನರನ್ನು ಜಾಹೀರಾತಿನ ಕಡೆ ತಳ್ಳುತ್ತದೆ.

ಈ ಪಾಲಿನ ಜಗಳ ನ್ಯಾಯಾಲಯದಲ್ಲೂ ಇದೆ. ಎಪಿಕ್ ಎಂಬ ಗೇಮ್ ಕಂಪನಿ ಆಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2025ರ ಏಪ್ರಿಲ್ 30ರಂದು ಅಮೆರಿಕದ ನ್ಯಾಯಾಲಯವೊಂದು, ಆ್ಯಪ್‌ನಿಂದ ಹೊರಗಿನ ಲಿಂಕ್ ಮೂಲಕ ನಡೆಯುವ ಖರೀದಿಗೆ ಆಪಲ್ ಪಾಲು ಕೇಳಬಾರದು ಎಂದಿತು. ಆಪಲ್ ಮೇಲ್ಮನವಿ ಹೋಯಿತು. ಅದು ಮುಖ್ಯವಾಗಿ ದೊಡ್ಡವರ ಜಗಳ. ಆದರೂ ಹೊರಗಿನ ಲಿಂಕ್ ಇಡುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ದೇಣಿಗೆ ಬಟನ್ ಇಡುವವರಿಗೂ ದಾರಿ ಅಗಲವಾಗುತ್ತದೆ.

ದುಡ್ಡು ಬರದಿದ್ದರೆ ಏನಾಗುತ್ತದೆ?

ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆ್ಯಪ್ ಸುಮ್ನೆ ಹಳತಾಗುತ್ತದೆ. ಹೊಸ ಫೋನಿನಲ್ಲಿ ಒಂದು ದಿನ ತೆರೆಯುವುದಿಲ್ಲ.

ಕೆಲವು ಸಲ ಮಾರಾಟವಾಗುತ್ತದೆ. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಆ್ಯಪ್‌ಗಳ ಗುಂಪನ್ನು ಆಂಡ್ರಾಯ್ಡ್ ಬಳಸುವ ಹಲವರು ಬಲ್ಲರು. ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್ ಎಲ್ಲ ಮುಕ್ತ. ಜಾಹೀರಾತು ಇಲ್ಲ, ಬೇಡದ ಅನುಮತಿ ಕೇಳುವುದಿಲ್ಲ. ಅದೇ ಕಾರಣಕ್ಕೆ ಜನ ಹಚ್ಚಿಕೊಂಡಿದ್ದರು. 2023ರ ಕೊನೆಯಲ್ಲಿ ಅವುಗಳನ್ನು ಜಿಪೋಆ್ಯಪ್ಸ್ ಎಂಬ ಕಂಪನಿ ಕೊಂಡಿತು. ಜಾಹೀರಾತಿಲ್ಲದ ಆ್ಯಪ್ ಅಂತ ಹಾಕಿಕೊಂಡವರ ಫೋನಿನಲ್ಲಿ ಒಂದು ಅಪ್‌ಡೇಟ್ ಸಾಕು, ಆ್ಯಪ್‌ನ ಯಜಮಾನ ಬದಲಾಗಲು. ಇಲ್ಲಿ ಮುಕ್ತ ಎಂಬುದರ ಬೆಲೆ ಗೊತ್ತಾಯಿತು. ಕೋಡ್ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಇದ್ದುದರಿಂದ, ಅದರಲ್ಲಿ ಕೆಲಸ ಮಾಡಿದ್ದವರೇ ಹಳೆಯ ಕೋಡ್ ತೆಗೆದುಕೊಂಡು ‘ಫಾಸಿಫೈ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಬರೀ ಉಚಿತವಾಗಿದ್ದರೆ ಆ ದಾರಿ ಇರುತ್ತಿರಲಿಲ್ಲ. ಮಾರಿದವರನ್ನು ಬೈಯುವುದು ಸುಲಭ. ಆದರೆ ಕೊಂಡವರು ಕೊಟ್ಟಷ್ಟು ದುಡ್ಡನ್ನು ಬಳಸಿದವರು ಎಂದಾದರೂ ಕೊಟ್ಟಿದ್ದರಾ ಎಂಬ ಪ್ರಶ್ನೆಯೂ ಪಕ್ಕದಲ್ಲೇ ಇದೆ.

ಮೂರನೆಯದು ಅಪಾಯದ ಪರಿಣಾಮ. ಎಕ್ಸ್‌ಜಡ್ ಎಂಬುದು ಫೈಲ್‌ಗಳನ್ನು ಕುಗ್ಗಿಸುವ ಸಣ್ಣ ಸಾಧನ. ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಕೂತಿದೆ. ನಡೆಸುತ್ತಿದ್ದವರು ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ತನ್ನ ಮಾನಸಿಕ ಆರೋಗ್ಯವೂ ಸರಿಯಿಲ್ಲ ಅಂತ 2022ರಲ್ಲೇ ಅವರು ಬರೆದಿದ್ದರು. ಅದೇ ಹೊತ್ತಿಗೆ ‘ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಶುರುವಾಯಿತು. ಸಹಾಯಕ್ಕೆ ಬಂದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ವರ್ಷಗಟ್ಟಲೆ ತಾಳ್ಮೆಯಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಕೂರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಸುಳಿವು ಏನು ಗೊತ್ತಾ? ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿತ್ತು.

ದುಡ್ಡಿದ್ದರೆ ಇದು ತಪ್ಪುತ್ತಿತ್ತು ಅಂತ ಹೇಳಲಾಗದು. ತಿಂಗಳಿಗೆ ಐವತ್ತು ಡಾಲರ್ ದೇಣಿಗೆಯಿಂದಂತೂ ತಪ್ಪುತ್ತಿರಲಿಲ್ಲ. ಅಲ್ಲಿ ಬೇಕಿದ್ದುದು ಎರಡನೆಯ ಜೊತೆ ಕಣ್ಣು, ಅಂದರೆ ಸಂಬಳ ಪಡೆದು ಕೂರುವ ಎರಡನೆಯ ವ್ಯಕ್ತಿ. ಅಂಥ ಸ್ಥಿರ ದುಡ್ಡನ್ನು ಬಿಡಿಬಿಡಿ ದೇಣಿಗೆ ತರುವುದು ಅಪರೂಪ.

ಹಾಗಾದರೆ ಯಾರು ಕೊಡಬೇಕು?

ಒಂದು ಗುಂಪು ಹೇಳುವುದು: ಕೋಡ್ ಮುಕ್ತವಾಗಿರಲಿ, ಸಿದ್ಧ ಆ್ಯಪ್‌ಗೆ ಬೆಲೆ ಇರಲಿ. ಸಂಗೀತ ರೆಕಾರ್ಡ್ ಮಾಡುವ ‘ಆರ್ಡರ್’ (Ardour) ಎಂಬ ಸಾಫ್ಟ್‌ವೇರ್ ಹೀಗೇ ನಡೆಯುತ್ತದೆ. ಕೋಡ್ ಎಲ್ಲರಿಗೂ ಇದೆ, ತಾವೇ ಕಟ್ಟಿಕೊಳ್ಳುವ ತಾಳ್ಮೆ ಇಲ್ಲದವರು ಒಂದಿಷ್ಟು ಕೊಟ್ಟು ಸಿದ್ಧವಾದುದನ್ನು ಪಡೆಯುತ್ತಾರೆ. ಚಿತ್ರ ಬಿಡಿಸುವ ಕ್ರಿಟಾ ತನ್ನ ವೆಬ್‌ಸೈಟ್‌ನಲ್ಲಿ ಉಚಿತ, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬೆಲೆಗೆ ಸಿಗುತ್ತದೆ. ಸ್ಟೀಮ್‌ನಲ್ಲಿ ಕೊಳ್ಳುವವರು ಮೋಸ ಹೋದವರಲ್ಲ. ಬಹಳಷ್ಟು ಮಂದಿಗೆ ದೇಣಿಗೆ ಪುಟ ತೆರೆದು ಫಾರ್ಮ್ ತುಂಬುವುದಕ್ಕಿಂತ ಕೊಳ್ಳುವುದು ಸಲೀಸು. ನನಗೆ ಇದು ದೇಣಿಗೆಗಿಂತ ಮರ್ಯಾದೆಯ ದಾರಿಯಾಗಿ ಕಾಣುತ್ತದೆ, ಕೇಳುವವರಿಗೂ ಕೊಡುವವರಿಗೂ.

ಇನ್ನೊಂದು ಗುಂಪು ಕಂಪನಿಗಳ ಕಡೆ ಬೆರಳು ತೋರಿಸುತ್ತದೆ. 2024ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಪ್ರಕಟಿಸಿದ ಅಧ್ಯಯನವೊಂದು, ಮುಕ್ತ ಸಾಫ್ಟ್‌ವೇರ್ ಇಲ್ಲದೆ ಎಲ್ಲವನ್ನೂ ತಾವೇ ಬರೆಯಬೇಕಾಗಿದ್ದರೆ ಕಂಪನಿಗಳಿಗೆ ಆಗುತ್ತಿದ್ದ ಖರ್ಚು 8.8 ಲಕ್ಷ ಕೋಟಿ ಡಾಲರ್ ಅಂತ ಅಂದಾಜು ಮಾಡಿತು. ಆ ಮೌಲ್ಯದ ಶೇ 96ರಷ್ಟನ್ನು ಕಟ್ಟಿದವರು ಡೆವಲಪರ್‌ಗಳಲ್ಲಿ ಶೇ 5 ಮಂದಿ. ಅಂದಾಜು ಅಂದಾಜೇ. ಅರ್ಧಕ್ಕೆ ಇಳಿಸಿ ನೋಡಿದರೂ ಯಾರಿಗೆ ಲಾಭ, ಯಾರ ಬೆನ್ನ ಮೇಲೆ ಹೊರೆ ಎಂಬುದು ಬದಲಾಗುವುದಿಲ್ಲ. ಆ ವರ್ಷವೇ ಶುರುವಾದ ಓಪನ್ ಸೋರ್ಸ್ ಪ್ಲೆಡ್ಜ್ ಎಂಬ ಒಪ್ಪಂದ ಕಂಪನಿಗಳಿಗೆ ಒಂದು ಸರಳ ಲೆಕ್ಕ ಕೊಟ್ಟಿತು: ನಿಮ್ಮಲ್ಲಿರುವ ಪ್ರತಿ ಡೆವಲಪರ್‌ಗೆ ವರ್ಷಕ್ಕೆ ಕನಿಷ್ಠ 2,000 ಡಾಲರ್‌ನಂತೆ, ನೀವು ಬಳಸುವ ಮುಕ್ತ ಸಾಫ್ಟ್‌ವೇರ್ ನಡೆಸುವವರಿಗೆ ಕೊಡಿ.

ಕಂಪನಿಗಳು ‘ನಾವು ಕೋಡ್ ಕೊಡುತ್ತೇವೆ, ಲೋಪ ಹುಡುಕಿಕೊಡುತ್ತೇವೆ, ಅದೂ ಸಹಾಯವೇ’ ಅನ್ನುತ್ತವೆ. 2025ರ ನವೆಂಬರ್‌ನಲ್ಲಿ ಇದೇ ವಾದ ಬೀದಿಗೆ ಬಂತು. ಬಹುತೇಕ ಎಲ್ಲ ವಿಡಿಯೊ ಆ್ಯಪ್‌ಗಳ ಒಳಗಿರುವ ಎಫ್‌ಎಫ್‌ಎಂಪೆಗ್‌ನಲ್ಲಿ ಗೂಗಲ್‌ನ ಎಐ ಒಂದು ಲೋಪ ಕಂಡುಹಿಡಿಯಿತು. ಲೋಪ ಇದ್ದುದು 1995ರ ಒಂದು ಆಟದ ವಿಡಿಯೊ ಓದುವ ಕೋಡ್‌ನಲ್ಲಿ. ಸ್ವಯಂಸೇವಕರು ಸಿಡಿದರು: ಹುಡುಕಲು ಯಂತ್ರವಿದೆ, ಕಾಸಿದೆ. ತಿದ್ದಲು ಮಾತ್ರ ಪುಕ್ಕಟೆ ಜನ ಬೇಕಾ? ದುಡ್ಡು ಕೊಡಿ, ಇಲ್ಲ ತಿದ್ದಿದ ಕೋಡ್ ಕಳಿಸಿ. ಭದ್ರತೆಯ ಕ್ಷೇತ್ರದವರ ಉತ್ತರವೂ ಗಟ್ಟಿ: ಲೋಪವನ್ನು ನಾವು ಹೇಳದಿದ್ದರೆ ಕಳ್ಳರು ಹುಡುಕುತ್ತಾರೆ. ಎರಡೂ ಮಾತು ನಿಜ. ಆದರೆ ಹುಡುಕುವ ವೇಗ ಎಐನಿಂದ ಏರುತ್ತಿರುವಾಗ ತಿದ್ದುವ ಕೈಗಳು ಅಷ್ಟೇ ಇದ್ದರೆ, ಒಂದು ಹಂತದಲ್ಲಿ ತಿದ್ದುವವರು ಎದ್ದು ಹೋಗುತ್ತಾರೆ.

ಸರ್ಕಾರವೂ ಕೊಡಬೇಕು, ರಸ್ತೆ ಸೇತುವೆಗೆ ಕೊಡುವ ಹಾಗೆ, ಅನ್ನುವವರಿದ್ದಾರೆ. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಶುರುಮಾಡಿತು. ಮರುವರ್ಷ ಗ್ನೋಮ್ ಡೆಸ್ಕ್‌ಟಾಪ್ ಯೋಜನೆಗೆ ಹತ್ತು ಲಕ್ಷ ಯೂರೊ ಕೊಟ್ಟಿತು. ಇನ್ನು ಕೆಲವು ಕಂಪನಿಗಳು ಬೇಸತ್ತು ಪರವಾನಗಿಯನ್ನೇ ಬಿಗಿ ಮಾಡಿದವು. ರೆಡಿಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನ ಕಂಪನಿ 2024ರ ಮಾರ್ಚ್‌ನಲ್ಲಿ ಹಾಗೆ ಮಾಡಿತು. ಕೆಲವೇ ದಿನಗಳಲ್ಲಿ ಅದರ ಹಳೆಯ ಕೋಡ್‌ನಿಂದ ವ್ಯಾಲ್‌ಕೀ ಹುಟ್ಟಿತು, 2025ರಲ್ಲಿ ರೆಡಿಸ್ ಮುಕ್ತ ಪರವಾನಗಿಗೆ ಮರಳಿತು. ಕೊಟ್ಟ ಸ್ವಾತಂತ್ರ್ಯವನ್ನು ವಾಪಸ್ ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ದೇಣಿಗೆಗೂ ಬಂತು ಕಾನೂನು

ಯೂರೋಪಿನ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಸಾಫ್ಟ್‌ವೇರ್ ಮಾರುವವರು ಅದರ ಭದ್ರತೆಗೆ ಹೊಣೆ ಹೊರಬೇಕು ಎಂಬುದು ಅದರ ತಿರುಳು. ಲೋಪಗಳನ್ನು ವರದಿ ಮಾಡುವ ಕಡ್ಡಾಯ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ. ಕರಡು ಬಂದಾಗ ಮುಕ್ತ ಸಾಫ್ಟ್‌ವೇರ್ ಮಾಡುವವರು ಬೆಚ್ಚಿದ್ದರು. ಹತ್ತು ಡಾಲರ್ ದೇಣಿಗೆ ಪಡೆದರೆ ನಾನೂ ‘ಮಾರುವವ’ ಆಗಿಬಿಡುತ್ತೇನಾ ಅಂತ.

ಕೊನೆಯ ಪಠ್ಯ ಇದನ್ನು ಸ್ವಲ್ಪ ಬಿಡಿಸಿ ಹೇಳಿದೆ. ಲಾಭದ ಉದ್ದೇಶವಿಲ್ಲದೆ ದೇಣಿಗೆ ಪಡೆಯುವುದು ವ್ಯಾಪಾರವಲ್ಲ. ಆದರೆ ಸಾಫ್ಟ್‌ವೇರ್ ಮಾಡಲು, ಒದಗಿಸಲು ತಗಲುವ ಖರ್ಚನ್ನು ಮೀರಿ ದೇಣಿಗೆ ಪಡೆಯುವುದು ವ್ಯಾಪಾರದ ಲಕ್ಷಣವಾಗಬಹುದು. ಹಾಗಾದರೆ ಒಬ್ಬ ಡೆವಲಪರ್‌ನ ‘ಖರ್ಚು’ ಅಂದರೆ ಯಾವುದು? ಸರ್ವರ್ ಬಾಡಿಗೆ ಮಾತ್ರವಾ, ಅವರ ಊಟ ಬಾಡಿಗೆಯೂ ಸೇರುತ್ತದಾ? ಇದಕ್ಕೆ ಸಿಗುವ ಉತ್ತರದ ಮೇಲೆ ಎಷ್ಟೋ ದೇಣಿಗೆ ಬಟನ್‌ಗಳ ಹಣೆಬರಹ ನಿಂತಿದೆ.

ಕೊಡುವವರು ಏನು ನೋಡಬೇಕು?

ಮೊದಲು, ಆ್ಯಪ್‌ಗೆ ದಿನದಿನದ ಖರ್ಚು ಇದೆಯಾ ಅಂತ. ಫೋನಿನೊಳಗೇ ಓಡುವ ಗ್ಯಾಲರಿ ಆ್ಯಪ್‌ಗೆ ಬಳಕೆದಾರ ಒಬ್ಬ ಹೆಚ್ಚಾದರೆ ಖರ್ಚೇನೂ ಹೆಚ್ಚಾಗುವುದಿಲ್ಲ. ಸಿಗ್ನಲ್‌ನಂಥ ಮೆಸೇಜ್ ಆ್ಯಪ್‌ಗೆ ಹೆಚ್ಚಾಗುತ್ತದೆ. ಸಿಗ್ನಲ್ 2023ರ ನವೆಂಬರ್‌ನಲ್ಲಿ ಕೊಟ್ಟ ಲೆಕ್ಕದಲ್ಲಿ, ಹೊಸ ಬಳಕೆದಾರರ ನಂಬರ್ ಖಚಿತಪಡಿಸಲು ಕಳಿಸುವ ಎಸ್‌ಎಂಎಸ್ ಮತ್ತು ಕರೆಗಳಿಗೇ ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಹೋಗುತ್ತಿತ್ತು. ಇಂಥ ಕಡೆ ತಿಂಗಳ ವಂತಿಗೆಯಿಂದ ಉಪಯೋಗ. ಮೊದಲನೆಯ ಬಗೆಗೆ ಒಮ್ಮೆ ಕೊಂಡರೆ, ಇಲ್ಲವೇ ದೊಡ್ಡ ಅಪ್‌ಡೇಟ್ ಬಂದಾಗ ಕೊಟ್ಟರೆ ನ್ಯಾಯ. ಪ್ರತಿಯೊಂದು ಸಣ್ಣ ಆ್ಯಪ್ ಕೂಡ ತಿಂಗಳ ಚಂದಾ ಕೇಳುವ ಈಗಿನ ಚಾಳಿಗೆ ಜನ ಬೇಸರ ಪಡುವುದರಲ್ಲಿ ತಪ್ಪಿಲ್ಲ.

ಕೊಟ್ಟಿದ್ದಕ್ಕೆ ಏನು ನಿರೀಕ್ಷಿಸಬೇಕು ಎಂಬುದೂ ಇದೆ. ಐದು ಡಾಲರ್ ಕೊಟ್ಟು ‘ನಾನು ಕೇಳಿದ್ದು ಯಾಕಿನ್ನೂ ಬಂದಿಲ್ಲ’ ಅಂತ ಜಬರ್ದಸ್ತು ಮಾಡುವವರು ಕಮ್ಮಿಯಿಲ್ಲ. ದೇಣಿಗೆಯಿಂದ ಗಿರಾಕಿಯ ಹಕ್ಕು ಬರುವುದಿಲ್ಲ. ಆ ಹಕ್ಕು ಬೇಕಾದವರು ಬೆಲೆ ಇರುವುದನ್ನು ಕೊಳ್ಳುವುದೇ ಸರಿ.

ಈ ಹೊಣೆ ಬೇಡ ಅಂತಲೇ ದುಡ್ಡನ್ನು ತಿರಸ್ಕರಿಸಿದವರೂ ಇದ್ದಾರೆ. ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದನ್ನು ಮಾಡಿದ ರೇಮಂಡ್ ಹಿಲ್ ದೇಣಿಗೆ ತಗೊಳ್ಳುವುದೇ ಇಲ್ಲ. ಕೊಡಲೇಬೇಕು ಅನ್ನಿಸಿದರೆ, ಯಾವ ತಾಣದಲ್ಲಿ ಏನನ್ನು ತಡೆಯಬೇಕು ಎಂಬ ಪಟ್ಟಿಗಳನ್ನು ದಿನವೂ ತಿದ್ದುತ್ತಾ ಕೂರುವವರಿಗೆ ಕೊಡಿ ಅನ್ನುತ್ತಾರೆ. ಆ ಪಟ್ಟಿಗಳಿಲ್ಲದೆ ಅವರ ಸಾಫ್ಟ್‌ವೇರ್ ಏನನ್ನೂ ತಡೆಯಲಾರದು. ಪಟ್ಟಿಗಳ ಹೆಸರು ಸೆಟ್ಟಿಂಗ್ಸ್‌ನ ಎರಡನೇ ಟ್ಯಾಬ್‌ನಲ್ಲಿವೆ. ಅಲ್ಲಿಯವರೆಗೆ ಹೋಗಿ ನೋಡುವವರು ಕಮ್ಮಿ.